ಇಬ್ಬರು ಮಾಲಕರಿಗೆ ಒಂದು ಟೆಂಪ್ಲೇಟು

ದೊಡ್ಡ ಮಾಲಕರು ಬಣ್ಣದ ಬಗ್ಗೆ ಕೇಳಲಿಲ್ಲ, ಅಕ್ಷರದ ಗಾತ್ರದ ಬಗ್ಗೆ ಕೇಳಲಿಲ್ಲ. ಅವರು ಕೇಳಿದ್ದು ಒಂದೇ. ವೆಬ್‌ಸೈಟಿನಲ್ಲಿ ಇಬ್ಬರ ಫೋಟೊ ಅಕ್ಕಪಕ್ಕ ಇರಬೇಕು, ಎರಡೂ ಒಂದೇ ಅಳತೆ ಇರಬೇಕು.

ಇಬ್ಬರು ಅಂದರೆ ಅವರು ಮತ್ತು ಅವರ ತಮ್ಮ. ಕೊಪ್ಪಳ ಜಿಲ್ಲೆಯಾದ 1997ರಲ್ಲಿ ಭಾಗ್ಯನಗರದ ಒಂದು ತಗಡಿನ ಶೆಡ್ಡಿನಲ್ಲಿ, ಒಂದೇ ಒಂದು ವೆಲ್ಡಿಂಗ್ ಮಶೀನು ಇಟ್ಟುಕೊಂಡು ಟ್ರ್ಯಾಕ್ಟರ್ ಟ್ರೇಲರು, ಬಿತ್ತುವ ಕೂರಿಗೆ ಮಾಡಲು ಶುರು ಮಾಡಿದವರು. ಕೆಲಸಗಾರರ ಬಾಯಲ್ಲಿ ಅಣ್ಣ ದೊಡ್ಡ ಮಾಲಕರು, ತಮ್ಮ ಸಣ್ಣ ಮಾಲಕರು. ನಾನು ಆ ಕಾರ್ಖಾನೆಗೆ ಕಾಲಿಡುವ ಹೊತ್ತಿಗೆ ಸಣ್ಣ ಮಾಲಕರು ಅಲ್ಲಿರಲಿಲ್ಲ. ಅದಕ್ಕೆ ಎಂಟು ವರ್ಷಗಳ ಹಿಂದೆ, 2009ರಲ್ಲಿ, ಗಿರಾಕಿಗಳ ಎದುರಿಗೇ ಅಣ್ಣ ‘ನಿನಗ ಕೆಲಸ ಬರಂಗಿಲ್ಲ’ ಎಂದು ಗದರಿದ್ದರು. ತಮ್ಮ ಎದುರು ಮಾತಾಡದೆ ಎದ್ದು ಹೋಗಿ ಕುಷ್ಟಗಿಯಲ್ಲಿ ಸ್ವಂತ ಅಂಗಡಿ ಹಾಕಿದ್ದರು. ಅಂದಿನಿಂದ ಮಾತುಕತೆ ಬಂದ್. ಬಂಧುಗಳ ಮದುವೆಯಲ್ಲಿ ಒಬ್ಬರು ಕಂಡರೆ ಇನ್ನೊಬ್ಬರು ಊಟ ಬಿಟ್ಟು ಏಳುವಷ್ಟು ಹಟ.

“ಟ್ರೇಲರ್ ಮಾರಾಕ ನನಗ ವೆಬ್‌ಸೈಟ್ ಬೇಕಾಗಿಲ್ರಿ ಮೇಡಂ,” ಅಂದರು ದೊಡ್ಡ ಮಾಲಕರು ಮೊದಲ ದಿನವೇ. “ಅವ ದಿನಾ ಫೋನಿನಾಗ ಅದು ಇದು ನೋಡ್ತಾನಂತ. ಒಂದಲ್ಲ ಒಂದಿನ ಇದನ್ನೂ ನೋಡ್ತಾನ. ನನ್ನ ಬಾಜೂಕ ಅವನ ಹೆಸರು ಇನ್ನೂ ಐತಿ ಅನ್ನೂದು ಕಾಣಲಿ ಅವಗ. ಬಾಯಿಲೆ ಹೇಳಾಕ ನನಗ ಆಗವಲ್ದು.”

ಆಗ ನಾನು ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ ನಡೆಸುತ್ತಿದ್ದೆ. ಫ್ಲೆಕ್ಸ್ ಬ್ಯಾನರು, ಲಗ್ನಪತ್ರಿಕೆ, ರಬ್ಬರ್ ಸ್ಟ್ಯಾಂಪು ಹೊಟ್ಟೆಪಾಡಿಗೆ. ವೆಬ್‌ಸೈಟು ನನ್ನ ಜಂಬಕ್ಕೆ. ಊರಲ್ಲಿ ವೆಬ್‌ಸೈಟ್ ಮಾಡುವವರು ಕಡಿಮೆ, ಹೆಂಗಸರಲ್ಲಂತೂ ನಾನೊಬ್ಬಳೇ ಎಂದು ನಂಬಿಕೊಂಡಿದ್ದೆ. ಅಂಥವಳ ಕೈಗೆ ತಮ್ಮನಿಗೆ ಕಳಿಸಬೇಕಾದ ಮಾತನ್ನು ಕೊಟ್ಟಿದ್ದರು. ಅದರ ತೂಕ ನನಗೆ ಗೊತ್ತಾಯಿತು ಅಂತಲೇ ಅಂದುಕೊಂಡೆ.

ಟೆಂಪ್ಲೇಟು ಅಂದರೆ ಯಾರೋ ಮಾಡಿಟ್ಟ ಸಿದ್ಧ ಚೌಕಟ್ಟು. ಅದರಲ್ಲಿರುವ ಅವರ ಫೋಟೊ ತೆಗೆದು ನಮ್ಮದು ಹಾಕಬೇಕು, ಅವರ ಬರಹ ತೆಗೆದು ನಮ್ಮದು ತುಂಬಬೇಕು. ಸಾವಿರಗಟ್ಟಲೆ ಸಿಗುತ್ತವೆ. ಕಾರ್ಖಾನೆಗಳಿಗಾಗಿ ಮಾಡಿದ್ದರಲ್ಲಿ ಮೊದಲು ಹುಡುಕಿದೆ. ಎಲ್ಲದರಲ್ಲೂ ಹಳದಿ ಹೆಲ್ಮೆಟ್ಟಿನ ಬಿಳಿಯರು ನಗುತ್ತ ಕೈಕಟ್ಟಿ ನಿಂತಿದ್ದರು. ‘ನಮ್ಮ ತಂಡ’ ಎನ್ನುವ ಜಾಗದಲ್ಲಿ ನಾಲ್ಕು ಮುಖಗಳಿಗೆ ನಾಲ್ಕು ವೃತ್ತ. ಎರಡು ವೃತ್ತ ತೆಗೆದರೆ ಉಳಿದೆರಡು ಎಡಕ್ಕೆ ಸರಿದು, ಬಲಗಡೆ ಅರ್ಧ ಪುಟ ಬಟಾಬಯಲು. ಇನ್ನು ಕೆಲವುಗಳಲ್ಲಿ ಒಬ್ಬನೇ ಸ್ಥಾಪಕ, ಉಳಿದವರು ಅವನ ಕೆಳಗೆ ಚಿಕ್ಕದಾಗಿ. ಅದನ್ನು ತೋರಿಸಿದರೆ ದೊಡ್ಡ ಮಾಲಕರು ಕುರ್ಚಿ ಬಿಟ್ಟು ಎದ್ದಾರು.

ಮತ್ತೊಂದು ತೊಡಕು ಕನ್ನಡದ್ದು. ಇಂಗ್ಲಿಷಿಗೆಂದು ಕಟ್ಟಿದ ಚೌಕಟ್ಟಿನಲ್ಲಿ ಸಾಲಿನ ಎತ್ತರ ಸಾಲದೆ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತಿದ್ದವು. ಇಷ್ಟವಾದ ಒಂದರಲ್ಲಿ ‘ಟ್ರ್ಯಾಕ್ಟರ್’ ಎಂದು ಬರೆದರೆ ಅರ್ಧಕ್ಕರ್ಧ ಮಾಯ. ಇನ್ನೊಂದು ಎಷ್ಟು ಭಾರವಿತ್ತೆಂದರೆ, ಯಲಬುರ್ಗಾದ ಒಬ್ಬ ಗಿರಾಕಿಗೆ ತೆರೆದು ನೋಡಲು ಹೇಳಿದಾಗ ‘ಪುಟ ಬರವಲ್ದು, ಇನ್ನೂ ಉಂಡೀನ ತಿರಗಾಕ ಹತ್ತೈತ್ರಿ’ ಎಂದು ಫೋನ್ ಇಟ್ಟುಬಿಟ್ಟ. ಹೀಗೆ ಎರಡು ವಾರ ಕಳೆದೆ.

ಕೊನೆಗೆ ಸಿಕ್ಕಿತು. ಯಾವುದೋ ದೇಶದ ಗಡಿಯಾರ ಮಾಡುವ ಮನೆತನಕ್ಕಾಗಿ ಮಾಡಿದಂಥ ಚೌಕಟ್ಟು. ಬಿಳಿ ಪುಟ, ಧಾರಾಳ ಖಾಲಿ ಜಾಗ. ‘ಸ್ಥಾಪಕರು’ ಎನ್ನುವಲ್ಲಿ ಸರಿಯಾಗಿ ಎರಡು ಫೋಟೊ, ಒಂದೇ ಅಳತೆ, ಅಕ್ಕಪಕ್ಕ. ಪ್ರತಿ ಫೋಟೊ ಸುತ್ತ ಸಣ್ಣ ಎಲೆಬಳ್ಳಿಯ ಅಂಚು. ಫೋಟೊಗಳು ಮೊದಲು ಕಪ್ಪುಬಿಳುಪಿನಲ್ಲಿ ಕಾಣುತ್ತವೆ, ಮೌಸಿನ ಬಾಣ ಮೇಲೆ ಬಂದೊಡನೆ ನಿಧಾನ ಬಣ್ಣ ತುಂಬಿಕೊಳ್ಳುತ್ತವೆ. ನಾನು ಹತ್ತು ಸಲ ಬಾಣ ಆಡಿಸಿ ನೋಡಿ ಖುಷಿಪಟ್ಟೆ. ಇಡೀ ಜಿಲ್ಲೆಯಲ್ಲಿ ಇಂಥದ್ದು ಯಾರ ಹತ್ತಿರವೂ ಇಲ್ಲ ಎಂದು ಹೆಮ್ಮೆಪಟ್ಟೆ.

ದೊಡ್ಡ ಮಾಲಕರು ಬೀರುವಿನಿಂದ ತಮ್ಮನ ಒಂದು ಬಣ್ಣದ ಫೋಟೊ ತಂದುಕೊಟ್ಟರು. ಮೊದಲ ಟ್ರೇಲರಿನ ಮುಂದೆ ಕೆಂಪು ಚೌಕಳಿಯ ಅಂಗಿ ತೊಟ್ಟು ನಿಂತ ಮೀಸೆಯ ಯುವಕ. ಸ್ಕ್ಯಾನ್ ಮಾಡಿ ಮುಖದಿಂದ ಎದೆಯವರೆಗೆ ಕತ್ತರಿಸಿ ಕೂರಿಸಿದೆ. ಅವರು ನನ್ನ ಕಂಪ್ಯೂಟರ್ ಮುಂದೆ ಕುಳಿತಾಗ ಬಾಣವನ್ನು ತಮ್ಮನ ಮೇಲೆ ತಂದೆ. ಅಂಗಿ ಕೆಂಪಾಯಿತು.

“ಅವನದು ಮೊದಲ ಇರಲಿ, ನಂದು ಆಮ್ಯಾಲ,” ಅಂದರು.

ಹೆಸರಿನ ಕೆಳಗೆ ಇಸವಿ ಹಾಕುವ ಜಾಗವಿತ್ತು. ಖಾಲಿ ಬಿಟ್ಟರೆ ಟೆಂಪ್ಲೇಟಿನವರದೇ ಇಸವಿ ಬಂದು ಕೂರುತ್ತಿತ್ತು. ತಮ್ಮ ಎಂದಿನಿಂದ ಎಂದಿನವರೆಗೆ ಇದ್ದರು ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಕಿದೆ: 1997 – 2009. ಅಣ್ಣನ ಕೆಳಗೆ ‘1997 ರಿಂದ’. ಮತ್ತೆ ಒಂದು ಸಾಲು ಬರಹಕ್ಕೆ ಜಾಗವಿತ್ತು. ತಮ್ಮನ ಬಗ್ಗೆ ಏನು ಬರೆಯಲಿ ಎಂದು ಕೇಳಿದೆ. ಅವರು ಹೇಳಿದ್ದನ್ನು ನಾನು ಬರಹದ ಕನ್ನಡಕ್ಕೆ ತಿರುಗಿಸಿಕೊಂಡೆ: ‘ಇವನು ಇರದಿದ್ದರೆ ಈ ಕಾರ್ಖಾನೆ ಇರುತ್ತಿರಲಿಲ್ಲ. ದಿನವೂ ನೆನೆಯುತ್ತೇವೆ.’ ಓದಿ ಹೇಳಿದೆ. ಅವರು ತಲೆಯಾಡಿಸಿ, ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ಪರೀಕ್ಷಿಸಲಿಲ್ಲವೇ ಎಂದು ಈಗ ಯಾರಾದರೂ ಕೇಳಬಹುದು. ಪರೀಕ್ಷಿಸಿದೆ, ನನ್ನ ರೀತಿಯಲ್ಲಿ. ಕಂಪ್ಯೂಟರಿನಲ್ಲೇ ಕಿಟಕಿಯನ್ನು ಫೋನಿನ ಅಗಲಕ್ಕೆ ಎಳೆದು ಕಿರಿದು ಮಾಡಿ ನೋಡಿದೆ. ಬಾಣ ಫೋಟೊ ಮೇಲೆಯೇ ಇತ್ತು, ಬಣ್ಣ ಚೆನ್ನಾಗಿ ಬಂತು. ನಿಜವಾದ ಫೋನಿನಲ್ಲಿ ಮೆನು ಒತ್ತಿದೆ, ಕರೆ ಮಾಡುವ ಗುಂಡಿ ಒತ್ತಿದೆ, ಟ್ರೇಲರುಗಳ ಪಟ್ಟಿ ನೋಡಿದೆ. ಸ್ಥಾಪಕರ ಪುಟದ ತನಕ ಹೋಗಲಿಲ್ಲ. ಅದು ನನಗೆ ಬಾಯಿಪಾಠವಾಗಿದ್ದ ಪುಟ.

ಒಂದು ಸೋಮವಾರ ಬೆಳಿಗ್ಗೆ ಪೂಜೆ ಮಾಡಿ ಕಾಯಿ ಒಡೆದು ವೆಬ್‌ಸೈಟು ಶುರು ಮಾಡಿದೆವು. ಕಾರ್ಖಾನೆಯ ಹಿರಿಯ ಮಿಸ್ತ್ರಿ, ಆರಂಭದಿಂದ ಇದ್ದವರು, ತಮ್ಮದೇ ಫೋನಿನಲ್ಲಿದ್ದ ಎಲ್ಲ ಗಿರಾಕಿಗಳಿಗೆ, ಟ್ರ್ಯಾಕ್ಟರಿನವರ ವಾಟ್ಸಾಪ್ ಗುಂಪುಗಳಿಗೆ ವೆಬ್‌ಸೈಟಿನ ಕೊಂಡಿ ಕಳಿಸಿದರು. ದೊಡ್ಡ ಮಾಲಕರದು ಗುಂಡಿಯ ಹಳೆ ಫೋನು, ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ನಾನು ಪೇಢೆ ತಿಂದು ಅಂಗಡಿಗೆ ಬಂದೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಗಂಗಾವತಿಯಿಂದ ಒಬ್ಬರ ಕರೆ.

“ಮೇಡಂ, ಅರ್ಜೆಂಟಾಗಿ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಬೇಕಿತ್ರಿ. ಫೋಟೊ ವಾಟ್ಸಾಪಿಗೆ ಹಾಕೀನಿ. ಬರಹನೂ ಅದರಾಗ ಐತಿ. ಹಂಗ ಇಟ್ಟುಬಿಡ್ರಿ, ಭಾಳ ಛಲೋ ಬರದಾರ. ಕೆಳಗ ನಮ್ಮ ಟ್ರ್ಯಾಕ್ಟರ್ ಸಂಘದ ಹೆಸರು ಹಾಕ್ರಿ ಸಾಕು.”

ರೊಟ್ಟಿ ಹರಿಯುತ್ತ ಇನ್ನೊಂದು ಕೈಯಲ್ಲಿ ಫೋಟೊ ತೆರೆದೆ.

ಸಣ್ಣ ಮಾಲಕರ ಮುಖ. ಕಪ್ಪುಬಿಳುಪು. ಸುತ್ತ ಎಲೆಬಳ್ಳಿ. ಕೆಳಗೆ 1997 – 2009. ಅದರ ಕೆಳಗೆ ‘ದಿನವೂ ನೆನೆಯುತ್ತೇವೆ’.

ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು. ನನ್ನ ಪುಟವನ್ನು ನಾನೇ ಗುರುತಿಸಲು ಒಂದು ಕ್ಷಣ ಬೇಕಾಯಿತು. ಮೊದಲು ತಲೆಗೆ ಬಂದದ್ದು ‘ಅಯ್ಯೋ, ಸಣ್ಣ ಮಾಲಕರು ಹೋಗಿಬಿಟ್ಟರೇ’ ಅಂತಲೇ. ಫೋನಿನಲ್ಲಿ ಸ್ಥಾಪಕರ ಪುಟ ತೆರೆದೆ. ಫೋನಿಗೆ ಬಾಣವಿಲ್ಲ. ಹಾಗಾಗಿ ಬಣ್ಣ ಬರುವುದೇ ಇಲ್ಲ. ಅಗಲ ಸಾಲದ್ದರಿಂದ ಅಕ್ಕಪಕ್ಕದ ಫೋಟೊಗಳು ಒಂದರ ಕೆಳಗೊಂದು ಬಂದಿದ್ದವು. ಮೊದಲು ಇರಲಿ ಎಂದು ಹಾಕಿದ ತಮ್ಮನ ಫೋಟೊ ಇಡೀ ಪರದೆ ತುಂಬಿತ್ತು. ಅಣ್ಣ ಕೆಳಗೆಲ್ಲೋ ಇದ್ದರು, ಸರಿಸಿ ನೋಡಿದವರಿಗೆ ಮಾತ್ರ.

ಇಸವಿ ನೋಡಿಯಾದರೂ ಮಂದಿಗೆ ತಿಳಿಯಬಾರದೇ ಎಂದರೆ, ಶ್ರದ್ಧಾಂಜಲಿಯ ಇಸವಿಯನ್ನು ಯಾರು ಕೂಡಿ ಕಳೆದು ನೋಡುತ್ತಾರೆ? ಫೋಟೊ ಕಂಡೊಡನೆ ಕೈಮುಗಿದು ಮುಂದೆ ಕಳಿಸುತ್ತಾರೆ. ನಮ್ಮ ಕಡೆ ಜೀವಂತ ಇರುವವರ ಫೋಟೊವನ್ನು ಯಾರೂ ಬಣ್ಣ ತೆಗೆದು, ಬಳ್ಳಿ ಸುತ್ತಿ, ಕೆಳಗೆ ಎರಡು ಇಸವಿ ಬರೆದು ಹಾಕುವುದಿಲ್ಲ. ಇದು ಇಡೀ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ಬ್ಯಾನರುಗಳನ್ನು ನಾನು ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ದುಃಖದಲ್ಲಿ ಬಂದವರ ಕೈಯಿಂದ ಫೋಟೊ ಇಸಿದುಕೊಂಡು ಮೊದಲು ಮಾಡುತ್ತಿದ್ದ ಕೆಲಸವೇ ಬಣ್ಣ ತೆಗೆಯುವುದು. ಅದೇ ಕೈ ಈ ಪುಟವನ್ನೂ ಮಾಡಿತ್ತು. ಪರದೇಶದ ಚೌಕಟ್ಟು ಎಂಬ ಮೋಹದಲ್ಲಿ ಕಣ್ಣಿಗೆ ಮಣ್ಣು ಬಿದ್ದಿತ್ತು. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಎರಡು ನಿಮಿಷದಲ್ಲಿ ಪುಟವನ್ನು ವೆಬ್‌ಸೈಟಿನಿಂದ ಮರೆಮಾಡಿದೆ. ಮಾಡಿದೊಡನೆ ಒಂದು ಹೀನ ಯೋಚನೆ ಬಂದದ್ದು ನಿಜ: ಇನ್ನು ಸಾಕ್ಷಿ ಇಲ್ಲ. ಯಾರೋ ಕಿಡಿಗೇಡಿಗಳು ಮಾಡಿದ್ದು ಅಂದುಬಿಟ್ಟರೆ ಮುಗಿಯಿತು. ಆದರೆ ಗಂಗಾವತಿಯವರು ಕಳಿಸಿದ ಫೋಟೊದ ತಲೆಯ ಮೇಲೆ ಕಾರ್ಖಾನೆಯ ಹೆಸರು ಸ್ಪಷ್ಟವಾಗಿ ಬಂದಿತ್ತು. ಅದು ಕುಷ್ಟಗಿ ಮುಟ್ಟದೆ ಇರುತ್ತದೆಯೇ? ನೋಡಿದ ತಮ್ಮ ಏನೆಂದುಕೊಳ್ಳುತ್ತಾರೆ? ಎಂಟು ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತು ‘ನನ್ನ ಪಾಲಿಗೆ ನೀನು ಸತ್ತೆ’ ಎಂಬುದು, ಅಷ್ಟೇ. ನಾನು ಸುಮ್ಮನಿದ್ದರೆ ಆ ಇಬ್ಬರು ಇನ್ನು ಸಾಯುವ ತನಕ ಮಾತಾಡುವುದಿಲ್ಲ ಎಂದು ಖಾತ್ರಿಯಾಯಿತು. ಲ್ಯಾಪ್‌ಟಾಪಿನಲ್ಲಿ ಪುಟದ ಪ್ರತಿ ಇತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಆಟೊ ಹಿಡಿದು ಭಾಗ್ಯನಗರಕ್ಕೆ ಓಡಿದೆ.

ಕಾರ್ಖಾನೆಯಲ್ಲಿ ಒಂದು ಮಶೀನೂ ಓಡುತ್ತಿರಲಿಲ್ಲ. ಕೆಲಸಗಾರರು ಅಲ್ಲಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಮಿಸ್ತ್ರಿ ಕಣ್ಣು ಕೆಂಪು ಮಾಡಿಕೊಂಡು ಎದುರು ಬಂದರು.

“ಸಣ್ಣವರು ಹೋಗಿಬಿಟ್ರಂತ್ರಿ ಮೇಡಂ. ಗಿಣಿಗೇರಿಯ ಗಿರಾಕಿ ಫೋನ್ ಮಾಡಿ ಹೇಳಿದ. ದೊಡ್ಡವರು ಕೇಳಿದವರ ಹಂಗ ನೆಲಕ್ಕ ಕುಂತ್ರು. ಈಗ ಹತ್ತು ನಿಮಿಷಾತು, ಜೀಪು ತಗೊಂಡು ಕುಷ್ಟಗಿಗೆ ಹೋಗ್ಯಾರ. ಚಪ್ಪಲಿ ಸೈತ ಹಾಕ್ಕೊಳ್ಳಲಿಲ್ರಿ.”

ದೊಡ್ಡ ಮಾಲಕರು ತಮ್ಮದೇ ವೆಬ್‌ಸೈಟಿನ ಸುದ್ದಿ ಕೇಳಿ ತಮ್ಮನ ಸಾವಿಗೆ ಹೊರಟಿದ್ದರು!

“ಯಾರೂ ಸತ್ತಿಲ್ರಿ,” ಅಂದೆ. “ಅದು ನಾನು ಮಾಡಿದ ಪುಟ.”

ಮಿಸ್ತ್ರಿ ನನ್ನ ಮುಖ ನೋಡಿದರು, ಫೋನು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. “ಯಾ ಅಲ್ಲಾ” ಅಂತ ಮಾತ್ರ ಅಂದು ಬೈಕಿನ ಚಾವಿ ತೆಗೆದರು. ದೊಡ್ಡ ಮಾಲಕರ ಫೋನು ಮೇಜಿನ ಮೇಲೆಯೇ ಬಿದ್ದಿತ್ತು. ಸಣ್ಣ ಮಾಲಕರ ನಂಬರನ್ನು ಮಿಸ್ತ್ರಿ ಗುಟ್ಟಾಗಿ ಇಟ್ಟುಕೊಂಡಿದ್ದರು. ಹಚ್ಚಿದರೆ ಪ್ರತಿ ಸಲವೂ ಬೇರೆ ಕರೆಯಲ್ಲಿದ್ದಾರೆ ಎಂಬ ಉತ್ತರ. ಲ್ಯಾಪ್‌ಟಾಪ್ ಎದೆಗವಚಿಕೊಂಡು ಬೈಕಿನ ಹಿಂದೆ ಕುಳಿತೆ. ಕುಷ್ಟಗಿಯಲ್ಲಿ ಏನು ಹೇಳಬೇಕು ಎಂದು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಸಣ್ಣ ಮಾಲಕರ ಮನೆಯೂ ಅಂಗಡಿಯೂ ಒಂದೇ ಕಟ್ಟಡ. ಮುಂದೆ ಇಪ್ಪತ್ತು ಮೂವತ್ತು ಮಂದಿ ನೆರೆದಿದ್ದರು. ನಾಲ್ಕೈದು ಜನರ ಕೈಯಲ್ಲಿ ಹೂವಿನ ಹಾರ, ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡಿದ್ದರು. ಬಾಗಿಲ ಮುಂದೆ ಮೈತುಂಬ ಗ್ರೀಸು ಬಳಿದುಕೊಂಡ, ಅರ್ಧ ನರೆತ ಮೀಸೆಯ ಒಬ್ಬರು ನಿಂತಿದ್ದರು. ಅವರೇ ಸಣ್ಣ ಮಾಲಕರು. ಅಂಗಳದ ಕಲ್ಲಿನ ಮೇಲೆ ದೊಡ್ಡ ಮಾಲಕರು ಬರಿಗಾಲಲ್ಲಿ ಕುಳಿತಿದ್ದರು. ಅವರೂ ಆಗಷ್ಟೇ ಬಂದಿದ್ದರು.

“ಸತ್ತಾನಂತ ಊರಿಗೆಲ್ಲ ಸಾರಿ, ಈಗ ನೋಡಾಕ ಬಂದೀಯೇನು?” ತಮ್ಮ ಕೈಯಲ್ಲಿದ್ದ ಫೋನನ್ನು ಅಣ್ಣನ ಮುಖದ ಮುಂದೆ ಹಿಡಿದರು. “ನಿನ್ನ ಕಾರ್ಖಾನಿ ಹೆಸರು ಐತಿ ಇದರ ಮ್ಯಾಲ. ಓದು.”

“ನಾನ್ಯಾಕ ಸಾರಲಿ?” ದೊಡ್ಡ ಮಾಲಕರು ಅಳುತ್ತಲೇ ಇದ್ದರು. “ನೀ ಹೋದಿ ಅಂದ್ರು. ಓಡಿ ಬಂದೆ. ನನಗ ಏನೂ ಗೊತ್ತಿಲ್ಲೋ.”

ನಾನು ಗುಂಪು ಸೀಳಿಕೊಂಡು ಹೋಗಿ ಇಬ್ಬರ ನಡುವೆ ನಿಂತೆ. “ತಪ್ಪು ನಂದ್ರಿ. ವೆಬ್‌ಸೈಟ್ ಮಾಡಿದಾಕಿ ನಾನು. ಅವರು ಏನೂ ಮಾಡಿಲ್ಲ.”

ಆಗ ಒಳಗಿನಿಂದ ಸಣ್ಣ ಮಾಲಕರ ಹೆಂಡತಿ ಬಂದರು. ಅತ್ತು ಅತ್ತು ಮುಖ ಊದಿತ್ತು.

“ನೀವೇನವ್ವಾ ಮಾಡಿದ್ದು?” ಅಂದರು. ಕೂಗಲಿಲ್ಲ. “ಇವರು ಹೊಲದಾಗ ಯಾರದೋ ಕೂರಿಗಿ ರಿಪೇರಿಗೆ ಹೋಗಿದ್ರು. ಫೋನ್ ಹತ್ತವಲ್ದು. ಮಂದಿ ಹಾರ ಹಿಡಕೊಂಡು ಬಂದ್ರು. ಒಂದು ತಾಸು, ಪೂರಾ ಒಂದು ತಾಸು ನಾ ಗಂಡನ್ನ ಕಳಕೊಂಡು ಕುಂತಿದ್ನಿ. ಒಬ್ಬಾಕಿ ಆಗಲೇ ನನ್ನ ಕೈಬಳಿ ಹಿಡಕೊಂಡು ಅಳಾಕ ಹತ್ತಿದ್ಲು. ಆ ತಾಸು ನೀವು ಹೊಳ್ಳಿ ಕೊಡ್ತೀರೇನು?”

ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದರೂ ಅದನ್ನು ಆಡಲು ನಾಚಿಕೆಯಾಯಿತು. ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದೆ. ಅಕ್ಕಪಕ್ಕ ಇದ್ದ ಎರಡು ಫೋಟೊ ತೋರಿಸಿದೆ. ಬಾಣ ತಂದರೆ ಬಣ್ಣ ಬರುವುದನ್ನು, ಫೋನಿನಲ್ಲಿ ಅದು ಬಾರದಿರುವುದನ್ನು, ಯಾವುದು ಯಾಕೆ ಮೇಲೆ ಬಂತು ಎಂಬುದನ್ನು ಒಂದೊಂದಾಗಿ ಹೇಳಿದೆ. ಎರಡು ಇಸವಿ ಕಾರ್ಖಾನೆಯಲ್ಲಿ ಇದ್ದ ವರ್ಷಗಳೆಂದು ಹೇಳಿದೆ. ನನ್ನ ದನಿ ನನಗೇ ಪರೀಕ್ಷೆಯಲ್ಲಿ ತಪ್ಪು ಉತ್ತರ ಓದುತ್ತಿರುವ ಹುಡುಗಿಯದಂತೆ ಕೇಳಿಸುತ್ತಿತ್ತು. ಹಾರ ಹಿಡಿದವರೂ ಹತ್ತಿರ ಬಂದು ಬಗ್ಗಿ ನೋಡಿದರು.

ಸಣ್ಣ ಮಾಲಕರು ತಮ್ಮ ಹಳೆಯ ಮುಖವನ್ನು ನೋಡಿದರು. “ಮೊದಲ ನಂದು ಹಾಕಂತ ಯಾರು ಹೇಳಿದ್ರು?”

“ದೊಡ್ಡ ಮಾಲಕರು.”

“ಈ ಬರದದ್ದು? ಇವನು ಇರದಿದ್ದರೆ ಅಂತ ಐತಲ್ಲ, ಇದು ಯಾರ ಮಾತು?”

“ಅವರದ ರೀ. ಬಾಯಿಲೆ ಹೇಳಿ ಬರೆಸಿದ್ರು.”

ಸಣ್ಣ ಮಾಲಕರು ಆ ಸಾಲನ್ನು ಇನ್ನೊಮ್ಮೆ ತುಟಿಯಲ್ಲೇ ಓದಿಕೊಂಡಂತೆ ಕಂಡಿತು. ಆಮೇಲೆ ಅಣ್ಣನ ಕಡೆ ನೋಡದೆ, ನನಗೆ ಹೇಳುವವರಂತೆ ಅಂದರು: “ಜೀವಂತ ಇದ್ದಾಗ ಎಂಟು ವರ್ಷ ಹೇಳಲಿಲ್ಲ. ಸತ್ತ ಮ್ಯಾಲ ಹೇಳಿದ, ನೋಡ್ರಿ ಮೇಡಂ.”

ಸಣ್ಣ ಮಾಲಕರು ಬೆನ್ನು ತಿರುಗಿಸಿ ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತರು. ಮುಗಿಯಿತು ಅಂದುಕೊಂಡೆ. ನಾನು ಎಷ್ಟು ವಿವರಿಸಿದರೂ ಎಂಟು ವರ್ಷ ವಿವರಣೆಯಿಂದ ಸರಿಯಾಗುವಂಥದ್ದಲ್ಲ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

ದೊಡ್ಡ ಮಾಲಕರು ಟವಲಿನಿಂದ ಮುಖ ಒರೆಸಿಕೊಂಡು ಎದ್ದರು. ತಮ್ಮನ ಬೆನ್ನು ಒಮ್ಮೆ ನೋಡಿ, ಯಾರಿಗೂ ಏನೂ ಹೇಳದೆ ಜೀಪಿನ ಕಡೆ ನಡೆದರು. ನಮ್ಮಲ್ಲಿ ಸಾವಿನ ಮನೆಗೆ ಬಂದವರು ಹಾಗೆಯೇ ಹೋಗುತ್ತಾರೆ. ಅಲ್ಲಿಂದ ಹೊರಡುವಾಗ ‘ಬರ್ತೀನಿ’ ಅನ್ನಬಾರದು.

“ಭಾವಾರ.”

ಕರೆದದ್ದು ಸಣ್ಣ ಮಾಲಕರ ಹೆಂಡತಿ. ಮೆಟ್ಟಿಲಿಳಿದು ಅಂಗಳದ ತುದಿಯ ತನಕ ಬಂದಿದ್ದರು.

“ಹಂಗ ಹೋಗಬ್ಯಾಡ್ರಿ. ಇಲ್ಲಿ ಯಾರೂ ಸತ್ತಿಲ್ಲ. ಬರ್ತೀನಿ ಅಂತ ಹೇಳಿ ಹೋಗ್ರಿ.”

ದೊಡ್ಡ ಮಾಲಕರು ಜೀಪಿನ ಬಾಗಿಲು ಹಿಡಿದು ನಿಂತರು. ತಿರುಗಿ ನೋಡಿದರು.

“ಬರ್ತೀನವಾ,” ಅಂದರು.

ಸಣ್ಣ ಮಾಲಕರು ಬಾಗಿಲಿಗೆ ಮುಖ ಮಾಡಿಯೇ ನಿಂತಿದ್ದರು. ಕೈ ಚೌಕಟ್ಟಿನ ಮೇಲೆಯೇ ಇತ್ತು.

“ಯಾವಾಗ?” ಅಂದರು.

“ರವಿವಾರ,” ಅಂದರು ದೊಡ್ಡ ಮಾಲಕರು.